ಬಂಧುತ್ವವೂ ಬಂಡವಾಳವೇ?

ವ್ಯಾಪಾರವೆಂಬುದು ನಮ್ಮ ಸಮಾಜಕ್ಕೆ ಹೊಸತಲ್ಲ. ದವಸದ ಮಂಡಿ, ಬಟ್ಟೆಯ ಅಂಗಡಿ, ಎಣ್ಣೆಯ ಗಾಣಗಳನ್ನು ನಡೆಸಿ ಮನೆತನಗಳನ್ನು ಬೆಳೆಸಿದ ಹಿರಿಯರು ನಮ್ಮಲ್ಲಿ ಅನೇಕರು. ಆದರೆ ಈಗ ಅಂಗಡಿಯೂ ತಕ್ಕಡಿಯೂ ಇಲ್ಲದ ವ್ಯಾಪಾರವೊಂದು ನಮ್ಮ ಪಡಸಾಲೆಗಳಿಗೇ ಬಂದು ಕುಳಿತಿದೆ. ಅದಕ್ಕೆ ನೆಟ್‌ವರ್ಕ್ ಮಾರ್ಕೆಟಿಂಗ್ ಎಂದು ಹೆಸರು. ಅದರ ಬಗೆಯನ್ನರಿಯದೆ ಹೊಗಳುವುದೂ ತೆಗಳುವುದೂ ತರವಲ್ಲ.

ಈ ಪದ್ಧತಿಯಲ್ಲಿ ಕಂಪನಿಯು ತನ್ನ ಸರಕನ್ನು ಅಂಗಡಿಗಳ ಮೂಲಕ ಮಾರದೆ ಸದಸ್ಯರ ಮೂಲಕ ಮಾರುತ್ತದೆ. ಸದಸ್ಯನಿಗೆ ದೊರೆಯುವ ಆದಾಯ ಎರಡು ಬಗೆಯದು: ತಾನೇ ಮಾರಿದ ಸರಕಿನ ಲಾಭ ಒಂದು, ತಾನು ಸೇರಿಸಿದವರು ಮತ್ತು ಅವರು ಸೇರಿಸಿದವರು ನಡೆಸಿದ ವ್ಯಾಪಾರದ ಮೇಲಿನ ಕಮಿಷನ್ ಇನ್ನೊಂದು. 1959ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಮ್‌ವೇ ಸಂಸ್ಥೆ ಇದೇ ಪದ್ಧತಿಯಿಂದ ಬೆಳೆದು, 1998ರಲ್ಲಿ ಭಾರತದಲ್ಲಿ ವ್ಯಾಪಾರ ಆರಂಭಿಸಿತು.

ಮೊದಲನೆಯ ಆದಾಯದಲ್ಲಿ ದೋಷವಿಲ್ಲ. ಅದು ದುಡಿಮೆಯ ಫಲ. ಎರಡನೆಯದನ್ನು ಲೆಕ್ಕ ಹಾಕಿ ನೋಡಬೇಕು. ಒಬ್ಬರು ಆರು ಮಂದಿಯನ್ನು, ಆ ಆರು ಮಂದಿ ತಲಾ ಆರು ಮಂದಿಯನ್ನು ಸೇರಿಸುತ್ತ ಹೋದರೆ ಎರಡನೆಯ ಹಂತದಲ್ಲಿ 36, ಮೂರನೆಯದರಲ್ಲಿ 216, ಐದನೆಯದರಲ್ಲಿ 7,776 ಜನರಾಗುತ್ತಾರೆ. ಹತ್ತನೆಯ ಹಂತವೊಂದಕ್ಕೇ 6 ಕೋಟಿ 4 ಲಕ್ಷಕ್ಕೂ ಹೆಚ್ಚು ಜನ ಬೇಕು. 2011ರ ಜನಗಣತಿಯಂತೆ ಇಡೀ ಕರ್ನಾಟಕದ ಜನಸಂಖ್ಯೆಯೇ ಸುಮಾರು 6 ಕೋಟಿ 11 ಲಕ್ಷ! ಈ ಲೆಕ್ಕದಲ್ಲಿ ಸರಪಳಿ ಯಾವ ಹಂತದಲ್ಲಿ ನಿಂತರೂ, ಸೇರಿದ ಪ್ರತಿ ಆರು ಜನರಲ್ಲಿ ಸುಮಾರು ಐವರು ಕೊನೆಯ ಸಾಲಿನಲ್ಲೇ ಉಳಿಯುತ್ತಾರೆ. ಅವರ ಕೆಳಗೆ ದುಡಿಯುವವರು ಯಾರೂ ಇರುವುದಿಲ್ಲ.

ಆದುದರಿಂದಲೇ, ಸರಕು ನೆಪಕ್ಕಷ್ಟೇ ಇದ್ದು ಜನರನ್ನು ಸೇರಿಸುವುದರಿಂದಲೇ ಹಣ ಬರುವ ಯೋಜನೆಗಳನ್ನು ಕಾನೂನು ಒಪ್ಪುವುದಿಲ್ಲ. ಹಣ ಪರಿಚಲನೆಯ ಯೋಜನೆಗಳನ್ನು 1978ರ ಕೇಂದ್ರ ಕಾಯ್ದೆಯೇ ನಿಷೇಧಿಸಿದೆ. 2021ರ ನೇರ ಮಾರಾಟ ನಿಯಮಗಳು ಪಿರಮಿಡ್ ಯೋಜನೆಗಳನ್ನೂ ನಿಷೇಧಿಸಿವೆ. ಮಾರಲು ಬರುವವರು ಮುಂಚಿತವಾಗಿ ಒಪ್ಪಿಗೆ ಪಡೆದು, ಗುರುತಿನ ಚೀಟಿಯೊಡನೆ ಬಂದು, ಬಂದ ಉದ್ದೇಶವನ್ನು ಮೊದಲೇ ತಿಳಿಸಬೇಕೆಂದೂ ಅವು ಹೇಳುತ್ತವೆ. "ಬನ್ನಿ, ಬಂದ ಮೇಲೆ ವಿಷಯ ತಿಳಿಸುತ್ತೇವೆ" ಎಂಬ ಕರೆಯನ್ನು ಈ ಬೆಳಕಿನಲ್ಲಿ ನೋಡಬೇಕು.

ಹಣದ ನಷ್ಟಕ್ಕಿಂತ ದೊಡ್ಡದಾದ ಇನ್ನೊಂದು ನಷ್ಟವನ್ನು ನಾವು ಕಣ್ಣಾರೆ ಕಂಡಿದ್ದೇವೆ. ನಮ್ಮ ಪರಿಚಯದ ಮನೆಯೊಂದರ ತರುಣನು ಇಂಥ ಜಾಲವೊಂದಕ್ಕೆ ಸೇರಿದ ಮೇಲೆ ಮಂಚದ ಕೆಳಗೆ ಡಬ್ಬಿಗಳು ತುಂಬಿದವು, ಕೊಳ್ಳುವವರು ಸಿಗಲಿಲ್ಲ. ಸೋದರಮಾವ, ಚಿಕ್ಕಪ್ಪ, ಬೀಗರು ಎಲ್ಲರನ್ನೂ ಅವನು ಕೇಳಿದ್ದಾಯಿತು. ಬಳಿಕ ಮದುವೆ ಮನೆಯಲ್ಲಿ ಅವನನ್ನು ಕಂಡವರು ಬೇರೆ ಪಂಕ್ತಿಯಲ್ಲಿ ಹೋಗಿ ಕುಳಿತರು. ಕೆಟ್ಟ ಹುಡುಗನಲ್ಲ, ಆದರೆ ಅವನ ನಮಸ್ಕಾರದ ಹಿಂದೆಯೂ ಜನರು ಲಾಭವನ್ನೇ ಹುಡುಕುವಂತಾಯಿತು. ತಲೆಮಾರುಗಳಿಂದ ಬಂದ ವಿಶ್ವಾಸವು ಕೆಲವೇ ತಿಂಗಳಲ್ಲಿ ಕರಗಿಹೋಯಿತು.

ಆಯ್ದಕ್ಕಿ ಮಾರಯ್ಯ ಶರಣರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಸುರಿದು ಬರುವಂತೆ ಲಕ್ಕಮ್ಮ ತಾಯಿ ಹೇಳಿದ ಕಥೆ ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಕಾಯಕವು ಗಳಿಕೆಯನ್ನು ಬೇಡವೆನ್ನುವುದಿಲ್ಲ. ಗಳಿಕೆಯ ಮೂಲವನ್ನು ಕೇಳುತ್ತದೆ.

ಯಾರಾದರೂ ಈ ವ್ಯಾಪಾರಕ್ಕೆ ಕರೆದರೆ ಮೂರು ಪ್ರಶ್ನೆಗಳನ್ನು ಕೇಳೋಣ. ಸದಸ್ಯರಲ್ಲದವರು ಈ ಸರಕನ್ನು ಈ ಬೆಲೆಗೆ ಕೊಳ್ಳುವರೇ? ಹೊಸಬರು ಯಾರೂ ಸೇರದಿದ್ದರೂ ಆದಾಯ ಬರುವುದೇ? ಮಾರಾಟವಾಗದ ಸರಕನ್ನು ಕಂಪನಿ ಹಿಂದಕ್ಕೆ ಪಡೆಯುವುದೇ? ಮೂರಕ್ಕೂ ಬರಹದಲ್ಲಿ ಉತ್ತರ ದೊರೆತರೆ ಮುಂದಿನ ವಿಚಾರ. ದೊರೆಯದಿದ್ದರೆ, ಬಂದವರಿಗೆ ಪ್ರೀತಿಯಿಂದ ಪ್ರಸಾದ ನೀಡಿ ಕಳುಹಿಸೋಣ, ಬಂಧುತ್ವವಾದರೂ ಉಳಿಯಲಿ.