ಎರಡು ಹನಿ ಔಷಧ



ಕಳೆದ ಭಾನುವಾರ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳ ದೂರವಾಣಿ ಕರೆ ಬಂದಿತ್ತು. ಎಂಟನೆಯ ತರಗತಿಯಲ್ಲಿ ನನ್ನಿಂದ ವಿಜ್ಞಾನ ಕಲಿತವಳು. ಈಗ ಅಲ್ಲಿ ಆಪ್ಟೋಮೆಟ್ರಿಸ್ಟ್, ಅಂದರೆ ಕಣ್ಣು ಪರೀಕ್ಷಿಸಿ ಕನ್ನಡಕದ ನಂಬರು ಬರೆದುಕೊಡುವ ವೃತ್ತಿಯವಳು. "ಸಾರ್, ಮತ್ತೆ ಓದಲು ಕುಳಿತಿದ್ದೇನೆ. ಪಾಸಾದರೆ ಔಷಧವನ್ನೂ ನಾನೇ ಬರೆದುಕೊಡಬಹುದು" ಎಂದಳು. "ವೈದ್ಯಳಾಗದೆ ಔಷಧ ಬರೆಯುವುದು ಹೇಗಮ್ಮಾ?" ಎಂದೆ. ನನ್ನ ಅನುಮಾನಕ್ಕೆ ಕಾರಣವಿತ್ತು.

1979ರ ಮಾತು. ನಮ್ಮ ತಾಯಿಯವರ ಬಲಗಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. ಪೇಟೆಯ ಔಷಧದ ಅಂಗಡಿಯಲ್ಲಿ ವೈದ್ಯರ ಚೀಟಿಯಿಲ್ಲದೆಯೇ ಕಣ್ಣಿಗೆ ಬಿಡುವ ಹನಿ ಔಷಧವೊಂದನ್ನು ಕೊಟ್ಟರು. ಎರಡೇ ದಿನದಲ್ಲಿ ಕೆಂಪು ಇಳಿಯಿತು. ಮತ್ತೆ ಕೆಂಪಾದಾಗ ಎರಡನೆಯ ಸೀಸೆಯನ್ನು ತಂದವನು ನಾನೇ. ಒಂದೂವರೆ ತಿಂಗಳ ಮೇಲೆ ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದೆವು. ಅದು ಹರ್ಪಿಸ್ ವೈರಸ್ಸಿನ ಹುಣ್ಣು, ನಾವು ಬಿಟ್ಟದ್ದು ಸ್ಟೀರಾಯ್ಡ್, ಅದರಿಂದಲೇ ಹುಣ್ಣು ಹರಡಿತು ಎಂದರು. ಹುಣ್ಣು ಮಾಯಿತು, ಆದರೆ ಕಣ್ಣಿನಲ್ಲಿ ಹೂ ಉಳಿಯಿತು. ಅಮ್ಮ ಉಳಿದ ಹತ್ತೊಂಬತ್ತು ವರ್ಷ ಒಂದೇ ಕಣ್ಣಿನಲ್ಲಿ ಅಕ್ಕಿ ಆರಿಸಿದರು. ಸೀಸೆಯ ಮೇಲಿನ ಇಂಗ್ಲಿಷನ್ನು ಓದಬಲ್ಲವನಾಗಿದ್ದೂ ನಾನು ಓದಿರಲಿಲ್ಲ.

ವಿದ್ಯಾರ್ಥಿನಿ ಸಾವಧಾನವಾಗಿ ವಿವರಿಸಿದಳು. ಬ್ರಿಟನ್ನಿನಲ್ಲಿ 2005ರಲ್ಲಿ, ವೈದ್ಯರೊಡನೆ ಒಪ್ಪಿಕೊಂಡ ಯೋಜನೆಯಂತೆ ಔಷಧ ಬರೆಯಲು ಆಪ್ಟೋಮೆಟ್ರಿಸ್ಟರಿಗೆ ಅವಕಾಶ ದೊರೆಯಿತು. 2008ರಿಂದ ಸ್ವತಂತ್ರವಾಗಿ ಬರೆಯುವ ಅಧಿಕಾರವೂ ಬಂದಿತು. ಆದರೆ ಪದವಿಯೊಂದೇ ಸಾಲದು. ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡಬೇಕು. ಔಷಧ ಬರೆಯುವ ಅರ್ಹತೆಯುಳ್ಳ ಅನುಭವಿಯೊಬ್ಬರ ಮೇಲ್ವಿಚಾರಣೆಯಲ್ಲಿ ಸುಮಾರು 90 ಗಂಟೆಗಳ ಕಾಲ ರೋಗಿಗಳ ನಡುವೆ ಕಲಿಯಬೇಕು. ಜನರಲ್ ಆಪ್ಟಿಕಲ್ ಕೌನ್ಸಿಲ್‌ನ ಪಟ್ಟಿಯಲ್ಲಿ ಆ ಅರ್ಹತೆ ದಾಖಲಾಗಬೇಕು. ಅನಂತರವೂ ಕಣ್ಣು ಮತ್ತು ಅದರ ಸುತ್ತಲಿನ ಭಾಗದ ಕಾಯಿಲೆಗಳಿಗೆ, ತನ್ನ ಪರಿಣತಿಯ ಎಲ್ಲೆಯೊಳಗೆ ಮಾತ್ರ ಬರೆಯಬೇಕು. ಚುಚ್ಚುಮದ್ದು ಬರೆಯುವಂತಿಲ್ಲ.

ಮೇಷ್ಟರ ಬುದ್ಧಿ ಎಲ್ಲಿ ಹೋದೀತು? "ಕೆಂಪು ಕಣ್ಣಿನವರು ಬಂದರೆ ಏನು ಮಾಡುತ್ತೀಯೆ?" ಎಂದು ಬಾಯಿಪರೀಕ್ಷೆಗೆ ನಿಂತೆ.

"ಎಷ್ಟು ದಿನವಾಯಿತು, ನೋವಿದೆಯೇ, ಬೆಳಕು ಚುಚ್ಚುತ್ತದೆಯೇ, ದೃಷ್ಟಿ ಮಂಜಾಗಿದೆಯೇ, ಹಿಂದೆಯೂ ಹೀಗಾಗಿತ್ತೇ ಎಂದು ಕೇಳುತ್ತೇನೆ. ಫ್ಲೋರೆಸಿನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತೇನೆ. ಕವಲೊಡೆದ ಕೊಂಬೆಯಂತೆ ಹಸಿರು ಗೆರೆ ಹೊಳೆದರೆ ಹರ್ಪಿಸ್ ಹುಣ್ಣೆಂದು ಶಂಕಿಸಬೇಕು. ಅಲ್ಲಿ ಸ್ಟೀರಾಯ್ಡ್ ಕೂಡದು, ವೈರಸ್ಸಿನ ಔಷಧ ಬೇಕು. ಕಣ್ಣಿನೊಳಗಿನ ಉರಿಯೂತವಾದರೆ ಅದೇ ಸ್ಟೀರಾಯ್ಡ್ ಬೇಕಾಗುತ್ತದೆ. ಆಗಲೂ ಕಣ್ಣಿನ ಒತ್ತಡ ಏರಿತೇ ಎಂದು ಅಳೆಯುತ್ತಿರಬೇಕು. ಅನುಮಾನವಿದ್ದರೆ ಆಸ್ಪತ್ರೆಗೆ ಕಳುಹಿಸಬೇಕು. ಯಾವಾಗ ಬರೆಯಬಾರದು ಎಂಬುದನ್ನೇ ಹೆಚ್ಚಾಗಿ ಕಲಿಸುತ್ತಾರೆ ಸಾರ್."

ಅಮ್ಮನ ಕಥೆಯನ್ನು ಅವಳಿಗೆ ಹೇಳಿದೆ. ಸ್ವಲ್ಪ ಹೊತ್ತು ಅವಳು ಮಾತಾಡಲಿಲ್ಲ. ಕೊನೆಗೆ, "ಆ ಪ್ರಶ್ನೆಗಳನ್ನು ಅಂದು ಯಾರಾದರೂ ಕೇಳಬೇಕಾಗಿತ್ತು ಸಾರ್" ಎಂದಳು. ನಿಜ. ಅಂಗಡಿಯವರು ಕೇಳಲಿಲ್ಲ. ಓದಿದ ಮಗನಾದ ನಾನೂ ಕೇಳಲಿಲ್ಲ. ಔಷಧ ಬರೆಯುವವರು ಯಾರು ಎಂಬುದಕ್ಕಿಂತ, ಬರೆಯುವ ಮೊದಲು ಅವರು ಏನನ್ನು ಕಲಿತಿದ್ದಾರೆ, ಏನನ್ನು ಕೇಳುತ್ತಾರೆ ಎಂಬುದೇ ಮುಖ್ಯವೆಂದು ನನಗೆ ಆಗ ಮನದಟ್ಟಾಯಿತು.

ನಮ್ಮ ದೇಶದಲ್ಲಿ ಆಪ್ಟೋಮೆಟ್ರಿಸ್ಟರಿಗೆ ಈ ಅಧಿಕಾರವಿಲ್ಲ. 2021ರ ಕೇಂದ್ರ ಕಾಯಿದೆಯೊಂದು ಅವರ ವೃತ್ತಿಗೆ ಕಾನೂನಿನ ಮನ್ನಣೆ ನೀಡಿದೆ, ಅಷ್ಟೆ. ಸ್ಟೀರಾಯ್ಡ್ ಹನಿಗಳಿಗೆ ವೈದ್ಯರ ಚೀಟಿ ಬೇಕೆಂಬ ನಿಯಮವೇನೋ ಇದೆ; ಆದರೆ ನಿಯಮವನ್ನು ಮರೆಯುವ ಅಂಗಡಿಗಳೂ, ಮರೆಸುವ ನಮ್ಮಂಥ ಗಿರಾಕಿಗಳೂ ಇದ್ದೇವೆ. ಆದ್ದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ: ಕಣ್ಣು ಕೆಂಪಾದರೆ ಅಂಗಡಿಗೆ ಓಡಬೇಡಿರಿ. ಮನೆಯಲ್ಲಿ ಉಳಿದ ಹಳೆಯ ಸೀಸೆಯನ್ನೂ ತೆರೆಯಬೇಡಿರಿ. ಮೊದಲು ಕಣ್ಣಿನ ವೈದ್ಯರಿಗೆ ತೋರಿಸಿರಿ.

ಬಾಯಿಪರೀಕ್ಷೆಯಲ್ಲಿ ಆಕೆಗೆ ಪೂರ್ಣ ಅಂಕ ಕೊಟ್ಟಿದ್ದೇನೆ. ನಿಜವಾದ ಪರೀಕ್ಷೆಯಲ್ಲಿಯೂ ಆಕೆ ತೇರ್ಗಡೆಯಾಗಲಿ ಎಂದು ನೀವೂ ಹಾರೈಸಿರಿ.