ರಾಯಬಾಗದಲ್ಲೊಂದು ಪುಸ್ತಕದ ಹಬ್ಬ

ಸಂಕ್ರಾಂತಿ ಕಳೆದ ಮರು ರವಿವಾರ. ನಸುಕಿನಲ್ಲೆದ್ದು ಲಿಂಗಪೂಜೆ ಪೂರೈಸಿ, ಮಕ್ಕಳು ಮರಿಗಳೊಡನೆ ನಾವು ಬೆಳಗಾವಿಯಿಂದ ಮೀರಜ ಕಡೆಯ ರೈಲು ಹಿಡಿದೆವು. ಘಟಪ್ರಭಾ, ಚಿಕ್ಕೋಡಿ ರೋಡ್ ದಾಟುತ್ತಲೇ ಕಿಟಕಿಯ ಎರಡೂ ಬದಿಗೆ ಕಬ್ಬಿನ ಹೊಲಗಳು ಹಸಿರಾಗಿ ಹರಡಿಕೊಂಡವು. ರಾಯಬಾಗದಲ್ಲಿ ಇಳಿದಾಗ ಕಬ್ಬು ಹೇರಿದ ಟ್ರ್ಯಾಕ್ಟರುಗಳ ಸಾಲು ನಮ್ಮನ್ನು ಎದುರುಗೊಂಡಿತು. ನಮ್ಮ ಅಣ್ಣನವರ ಗ್ರಂಥದ ಬಿಡುಗಡೆಯೇ ಈ ಪ್ರಯಾಣದ ನಿಮಿತ್ತ.

ರಾಯಬಾಗ ಇಂದು ಬೆಳಗಾವಿ ಜಿಲ್ಲೆಯ ಒಂದು ಸಾಧಾರಣ ತಾಲೂಕು ಸ್ಥಳವೆಂದು ಕಂಡರೂ ಅದರ ಹಿನ್ನೆಲೆ ಸಾಮಾನ್ಯವಲ್ಲ. ರಟ್ಟರ ಕಾಲದ ಶಾಸನವನ್ನು ತನ್ನೊಡಲಲ್ಲಿ ಇರಿಸಿಕೊಂಡ ಊರಿದು. ಹದಿನೇಳನೆಯ ಶತಮಾನದ ವಿದೇಶೀ ಪ್ರವಾಸಿಗರು ಇದನ್ನು ಮೆಣಸಿನ ವ್ಯಾಪಾರದ ದೊಡ್ಡ ಪೇಟೆಯೆಂದು ಬಣ್ಣಿಸಿದ್ದಾರೆ. ಮುಂದೆ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿ, 1949ರ ವಿಲೀನದಿಂದ ಮುಂಬಯಿ ಪ್ರಾಂತದ ಭಾಗವಾಗಿ, 1956ರಲ್ಲಿ ಕನ್ನಡ ನಾಡಿನೊಡನೆ ಕೂಡಿತು. ಆದ್ದರಿಂದಲೇ ಇಲ್ಲಿಯ ಮನೆಮಾತಿನಲ್ಲಿ ಕನ್ನಡ ಮರಾಠಿಗಳು ಅಕ್ಕತಂಗಿಯರಂತೆ ಒಂದೇ ಅಂಗಳದಲ್ಲಿ ಆಡುತ್ತವೆ.

ಅಣ್ಣನವರು ಮೂವತ್ತು ವರ್ಷ ಕನ್ನಡ ಶಾಲೆಯ ಮಾಸ್ತರರಾಗಿದ್ದವರು. ರಜೆ ಬಂದಾಗ ಸೈಕಲ್ ಏರಿ ಸುತ್ತಲಿನ ಹಳ್ಳಿಗಳಿಗೆ ಹೋಗಿ, ತಾಯಂದಿರು ಹೇಳಿದ ಬೀಸುಕಲ್ಲಿನ ಪದಗಳನ್ನು ನೋಟುಬುಕ್ಕಿನಲ್ಲಿ ಬರೆದುಕೊಂಡರು. ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು. ಕಲ್ಲಿನೊಡನೆ ಪದವೂ ಮೌನವಾಯಿತು. ಅಳಿದುಳಿದುದನ್ನು ಗ್ರಂಥವಾಗಿ ತರಬೇಕೆಂಬುದು ಅವರ ಬಹುದಿನದ ಹಂಬಲ. ಅಚ್ಚಿನ ವೆಚ್ಚಕ್ಕೆ ವೈನಿಯವರು ತಮ್ಮ ಬಂಗಾರದ ಪಾಟಲಿಯನ್ನು ಕೊಟ್ಟರೆಂಬುದು ನಮಗೆ ಅಂದೇ ತಿಳಿಯಿತು.

ಮನೆಯಂಗಳದಲ್ಲಿಯೇ ಹಂದರ ಹಾಕಿದ್ದರು. ಅಥಣಿ, ನಿಪ್ಪಾಣಿ, ಚಿಕ್ಕೋಡಿಗಳಿಂದ ಬಾಲ್ಯದ ಗೆಳೆಯರು ಬಂದಿದ್ದರು. ಮೀರಜದಿಂದ ಬಂದ ಮರಾಠಿ ಗೆಳೆಯರೊಬ್ಬರು ಅಣ್ಣನವರನ್ನು ಅಪ್ಪಿಕೊಂಡು ಶಾಲೆಯ ದಿನಗಳ ಅಡ್ಡಹೆಸರಿನಿಂದಲೇ ಕರೆದಾಗ ಹಂದರವೆಲ್ಲ ನಕ್ಕಿತು.

ಮುಖ್ಯ ಅತಿಥಿಗಳು ಫ.ಗು. ಹಳಕಟ್ಟಿಯವರನ್ನು ನೆನೆದರು. ಊರೂರು ಅಲೆದು ಓಲೆಗರಿ ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಆ ಮಹನೀಯರು, 1925ರಲ್ಲಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು; ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಅದೇ ಜಿಲ್ಲೆಯ ಹಲಸಂಗಿಯ ಗೆಳೆಯರಿಂದ 1931ರಲ್ಲಿ ‘ಗರತಿಯ ಹಾಡು’ ಬೆಳಕು ಕಂಡಿತು. “ವಚನಕ್ಕೆ ಅಂಕಿತವುಂಟು, ಅದನ್ನು ನೋಡಿ ಇದು ಇಂಥ ಶರಣರದೆಂದು ಗುರುತಿಸುತ್ತೇವೆ. ಬೀಸುಕಲ್ಲಿನ ಪದಕ್ಕೆ ಅಂಕಿತವಿಲ್ಲ. ಹಾಡಿದವಳ ಹೆಸರನ್ನು ನಾವೇ ಕಾಯಬೇಕು” ಎಂದು ಅವರು ನುಡಿದರು.

ಮೊದಲ ಪ್ರತಿಯನ್ನು ಎಂಬತ್ತು ದಾಟಿದ ನೆರೆಮನೆಯ ಅಜ್ಜಿಯ ಕೈಗೆ ಕೊಟ್ಟರು. ಅನೇಕ ಪದಗಳನ್ನು ಹೇಳಿಕೊಟ್ಟವರು ಅವರೇ. ಅಕ್ಷರ ಬಾರದ ಆ ತಾಯಿ ಗ್ರಂಥವನ್ನು ಕಣ್ಣಿಗೊತ್ತಿಕೊಂಡು ಕೇಳಿದರು: “ಮಾಸ್ತರಾ, ನನ್ನ ಜೋಡಿ ಕಲ್ಲ ಹಿಡದಾಕಿ, ನನ್ನ ಗೆಳತಿ ಹೆಸರ ಇದರಾಗ ಐತೇನಪಾ?”

ಅಣ್ಣನವರು ಪುಟ ತಿರುವಿದರು. ಗ್ರಂಥದ ಕೊನೆಯಲ್ಲಿ ಹಾಡಿದ ತಾಯಂದಿರ ಹೆಸರುಗಳಿದ್ದವು, ಆ ಗೆಳತಿಯ ಹೆಸರೊಂದು ಇರಲಿಲ್ಲ. ತಾರುಣ್ಯದಲ್ಲಿ ಬರೆದ ಮೊದಲ ನೋಟುಬುಕ್ಕಿನಲ್ಲಿ ಅವರು ಪದಗಳನ್ನಷ್ಟೇ ಬರೆದಿದ್ದರು, ಹಾಡಿದವರನ್ನಲ್ಲ. ಆ ತಾಯಿ ಲಿಂಗೈಕ್ಯರಾಗಿ ಎಷ್ಟೋ ವರ್ಷಗಳಾಗಿದ್ದವು. ಅಣ್ಣನವರ ಮುಖ ಬಾಡಿತು. ಗೆಳೆಯರೊಬ್ಬರು, “ಇರಲಿ ಬಿಡ್ರಿ, ಮುಂದಿನ ಮುದ್ರಣದಾಗ ಹಾಕೂಣು” ಎಂದರು.

“ಮುಂದಿನ ಮುದ್ರಣ ನೋಡಾಕ ಅಮ್ಮ ಇರಬೇಕಲ್ಲರೀ” ಎಂದ ಅಣ್ಣನವರು ಜೇಬಿನಿಂದ ಪೆನ್ನು ತೆಗೆದು, ಅಜ್ಜಿಯ ಬಾಯಿಂದಲೇ ಗೆಳತಿಯ ಹೆಸರನ್ನೂ ತವರೂರನ್ನೂ ಕೇಳಿ, ಅವರ ಪ್ರತಿಯಲ್ಲಿ ಬರೆದರು. ಅನಂತರ ಎರಡನೆಯ ಪ್ರತಿ, ಮೂರನೆಯ ಪ್ರತಿ. ನೋಡನೋಡುತ್ತಲೇ ಮೀರಜದ ಗೆಳೆಯರೂ ಪೆನ್ನು ಹಿಡಿದು ಕುಳಿತರು. ಅಕ್ಷರ ದುಂಡಗಿದ್ದ ನಮ್ಮ ಮಕ್ಕಳೂ ಸೇರಿಕೊಂಡರು. ಊಟದ ಕರೆ ಬರುವ ಹೊತ್ತಿಗೆ ಮನೆಯಲ್ಲಿದ್ದ ಪ್ರತಿಗಳಲ್ಲೆಲ್ಲ ಆ ಹೆಸರು ಬೇರೆ ಬೇರೆ ಕೈಬರಹದಲ್ಲಿ ಮೂಡಿತ್ತು.

ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಗಳ ಪ್ರಸಾದವಾಯಿತು. ಮಧ್ಯಾಹ್ನ ಅಜ್ಜಿ, ಯಾರೂ ಕೇಳದಿದ್ದರೂ, ಗೋಡೆಗೆ ಒರಗಿ ಒಂದು ಪದವನ್ನು ಮೆಲ್ಲನೆ ಎತ್ತಿಕೊಂಡರು. ಸೊಲ್ಲು ಸೊಲ್ಲಿಗೂ ಅರೆಕ್ಷಣ ತಡೆಯುತ್ತಿದ್ದರು. ಕಲ್ಲಿನ ಆಚೆ ಬದಿಯಿಂದ ಗೆಳತಿ ದನಿಗೂಡಿಸುತ್ತಿದ್ದ ಜಾಗವದು ಎಂದು ವೈನಿಯವರು ನಮಗೆ ಪಿಸುದನಿಯಲ್ಲಿ ಹೇಳಿದರು.

ಸಂಜೆಯ ರೈಲಿನಲ್ಲಿ ಮರಳುವಾಗ ನಮ್ಮ ಚಿಕ್ಕ ಮಗಳು, “ನಮ್ಮ ಅಮ್ಮನೂ ಬೀಸೂಮುಂದ ಹಾಡತಿದ್ಲೇನು?” ಎಂದು ಕೇಳಿದಳು. ನಮ್ಮ ತಾಯಿ ಹಾಡುತ್ತಿದ್ದುದು ನೆನಪಿದೆ. ಏನು ಹಾಡುತ್ತಿದ್ದರೆಂಬುದು ನೆನಪಿಲ್ಲ. ಓದುಗ ಶರಣ ಬಂಧುಗಳೇ, ನಿಮ್ಮ ಮನೆಯಲ್ಲಿ ಇನ್ನೂ ಹಿರಿಯ ತಾಯಿಯೊಬ್ಬರಿದ್ದರೆ ಇಂದೇ ಅವರ ಬಳಿ ಕುಳಿತು ಕೇಳಿರಿ, ಬರೆದುಕೊಳ್ಳಿರಿ. ಪದದ ಕೆಳಗೆ ಅವರ ಹೆಸರನ್ನು ಬರೆಯಲು ಮರೆಯಬೇಡಿರಿ.