ಆಯುಧದ ನಿತ್ಯಪೂಜೆ

ಸಾಗರ, ಸೊರಬ ಸೀಮೆಗಳಲ್ಲಿ ಗುಡಿಗಾರರ ಮನೆಯೆಂದರೆ ಗಂಧದ ಪರಿಮಳದ ಮನೆಯೆಂದೇ ಪ್ರತೀತಿ. ಅಂಗೈಯಗಲದ ಹಲಗೆಯಲ್ಲಿ ಬಳ್ಳಿ, ಹೂವು, ದೇವತೆಗಳನ್ನು ಮೂಡಿಸುವ ಈ ಕುಶಲಿಗಳು ತಲೆತಲಾಂತರದಿಂದ ನೆಚ್ಚಿಕೊಂಡು ಬಂದುದು ಉಳಿ ಕೊಡತಿಗಳನ್ನು. ಈಚೆಗೆ ಕೆಲವರ ಚಾವಡಿಗಳಿಗೆ ಮತ್ತೊಂದು ಆಯುಧವೂ ಬಂದಿದೆ. ಕೊಕ್ಕೆಗೆ ತೂಗುಹಾಕಿದ ಸಣ್ಣ ಮೋಟಾರು. ಅದರಿಂದ ಹಾವಿನಂತೆ ಇಳಿದುಬರುವ ಬಾಗುವ ಕೊಳವೆ. ಕೊಳವೆಯ ತುದಿಗೆ ಲೇಖನಿಯಂತೆ ಹಿಡಿಯಬಹುದಾದ ಹಿಡಿ. ಅದರ ಬಾಯಲ್ಲಿ ಕಡಲೆಕಾಳಿಗಿಂತಲೂ ಚಿಕ್ಕದಾದ ಬಿಟ್. ಕಾಲಿನ ಪೆಡಲನ್ನು ಪೂರ್ತಿ ಒತ್ತಿದರೆ ಅದು ನಿಮಿಷಕ್ಕೆ 15000 ಸುತ್ತಿಗೂ ಮಿಗಿಲಾಗಿ ತಿರುಗಬಲ್ಲುದು.

ಸಾಗರದ ಅಂಥ ಒಂದು ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜನೂ ಇಪ್ಪತ್ತರ ಮೊಮ್ಮಗನೂ ಒಂದೇ ಚಾವಡಿಯಲ್ಲಿ ಕುಳಿತು ಕೆಲಸಮಾಡುವರು. ಅಜ್ಜನಿಗೆ ಉಳಿ, ಮೊಮ್ಮಗನಿಗೆ ಯಂತ್ರ. ಮಹಾನವಮಿಯಂದು ಹುಡುಗನು ಉಳಿಗಳೊಡನೆ ಯಂತ್ರಕ್ಕೂ ಕುಂಕುಮವಿಟ್ಟು, ಹೂವೇರಿಸಿ, ಭಕ್ತಿಯಿಂದ ಕೈಮುಗಿದನು. ಆಮೇಲೆ ಎಂಟು ದಿನ ಕಳೆಯಲಿಲ್ಲ. ಬಿಟ್ ಬದಲಾಯಿಸಿ, ಬಿಗಿಯುವ ಕೀಲಿಯನ್ನು ಅಲ್ಲಿಯೇ ಮರೆತು, ಅರಿಯದೆ ಪೆಡಲನ್ನು ಮೆಟ್ಟಿದನು. ಕೀಲಿ ಬಾಣದಂತೆ ಹಾರಿ ಹುಬ್ಬನ್ನು ಸೀಳಿತು. ಬೆರಳಗಲ ಕೆಳಗೆ ತಗುಲಿದ್ದರೆ ಕಣ್ಣೇ ಹೋಗುತ್ತಿದ್ದಿತು.

ತಾಯಿ ಕಣ್ಣೀರಿಟ್ಟಳು. "ಮಾವಾ, ಇದನ್ನು ಮೊದಲು ಮನೆಯಿಂದ ಆಚೆಗೆ ಕಳಿಸಿ" ಎಂದಳು.

ಅಜ್ಜನು ತನ್ನ ಎಡಗೈಯ ಹೆಬ್ಬೆರಳನ್ನು ತೋರಿಸಿದನು. ಅದರ ತುಂಬ ಹಳೆಯ ಗಾಯದ ಗೆರೆಗಳು. "ಉಳಿ ನನ್ನನ್ನು ಎಷ್ಟು ಸಲ ಕಡಿದಿದೆಯೋ ಲೆಕ್ಕವಿಲ್ಲ. ಅದನ್ನು ಯಾರೂ ಎಸೆಯಲಿಲ್ಲವಮ್ಮ. ಉಳಿ ಮಸೆಯುವುದನ್ನೇ ಇವನಿಗೆ ಒಂದು ವರ್ಷ ಕಲಿಸಿದೆ. ಈ ಯಂತ್ರವನ್ನು ಇವನಿಗೆ ಯಾರೂ ಒಂದು ದಿನವೂ ಕಲಿಸಲಿಲ್ಲ. ತಪ್ಪು ನನ್ನದೂ ಉಂಟು."

ಗಾಯ ಮಾಗಿದ ಮೇಲೆ ಅಜ್ಜನು ಮೊಮ್ಮಗನಿಂದಲೇ ಪ್ಲಗ್ಗನ್ನು ಕೀಳಿಸಿ, ಯಂತ್ರವನ್ನು ಬಿಚ್ಚಿಸಿ ನೋಡಿದನು. ಕೊಳವೆಯೊಳಗಿದ್ದುದು ಉಕ್ಕಿನ ತಂತಿಗಳನ್ನು ಪದರ ಪದರವಾಗಿ ಸುತ್ತಿದ ಹುರಿ. ಅದು ತಿರುಗಬೇಕಾದ ದಿಕ್ಕಿನಲ್ಲಿ ತಿರುಗಿದರೆ ಹೊರಪದರವು ಬಿಗಿಯುತ್ತದೆ. ಎದುರು ದಿಕ್ಕಿನಲ್ಲಿ ಸಡಿಲವಾಗುತ್ತದೆ. ಹುರಿ ಒಣಗಿ ಕಪ್ಪಾಗಿದ್ದಿತು. ಒಂದೆಡೆ ತಂತಿಗಳು ಸವೆದು ಎದ್ದಿದ್ದವು. ಮೋಟಾರನ್ನು ಬಹಳ ತಗ್ಗಿನಲ್ಲಿ ತೂಗುಹಾಕಿದುದರಿಂದ ಕೊಳವೆಯು ಅಲ್ಲಿಯೇ ಮೊಣಕೈಯಂತೆ ಮಡಿಸಿಕೊಳ್ಳುತ್ತಿದ್ದಿತು. ಯಂತ್ರಶಾಸ್ತ್ರವನ್ನು ಓದದ ಅಜ್ಜನಿಗೆ ಬಾವಿಯ ಹಗ್ಗದ ನೆನಪಾಯಿತು. "ಹಗ್ಗ ರಾಟೆಯ ಮೇಲೆ ಬಾಗಿದರೆ ಬಾಳುತ್ತದೆ, ಕಲ್ಲಿನ ಅಂಚಿಗೆ ಮುರಿದು ಬಾಗಿದರೆ ಸವೆಯುತ್ತದೆ. ಇದೂ ಹಾಗೆಯೇ ಮಗಾ."

ಹೊಸ ಹುರಿಯನ್ನು ತರಿಸಿದರು. ಮೋಟಾರು ಮೇಲಿನ ಕೊಕ್ಕೆಗೆ ಏರಿತು. ಕೊಳವೆ ಈಗ ವಿಶಾಲವಾಗಿ ಬಾಗಿ ಇಳಿಯುತ್ತದೆ. ಆಗಾಗ ಹುರಿಯನ್ನು ಹೊರಗೆಳೆದು, ಹಳೆಯ ಗ್ರೀಸನ್ನು ಒರಸಿ, ಹೊಸದನ್ನು ತೆಳುವಾಗಿ ಸವರಬೇಕು. ಹೆಚ್ಚಾದರೆ ಅದು ಹಿಡಿಯೊಳಕ್ಕೆ ಇಳಿದು ಸೇರುವುದು. ಬಿಟ್ ಬದಲಿಸುವಾಗ ಕಾಲು ಪೆಡಲಿನಿಂದ ದೂರವಿದ್ದು, ಪ್ಲಗ್ಗು ಹೊರಗಿರಬೇಕು. ಬಿಟ್ಟಿನ ಕಡ್ಡಿ ಸಾಕಷ್ಟು ಒಳಹೋಗಬೇಕು. ಉದ್ದವಾಗಿ ಹೊರಚಾಚಿದ ಕಡ್ಡಿ ವೇಗಕ್ಕೆ ಬಾಗಿ ಮುರಿದು ಸಿಡಿಯುವುದು. ಚಿಕ್ಕ ತುಂಡನ್ನು ಕೈಯಲ್ಲಿ ಹಿಡಿಯದೆ ಇಕ್ಕಳಕ್ಕೆ ಬಿಗಿಯಬೇಕು. ಹೆಗಲ ಮೇಲಿನ ಪಂಚೆ ಗೂಟಕ್ಕೆ, ಕನ್ನಡಕ ಕಣ್ಣಿಗೆ. ಬಿಟ್ಟನ್ನು ಒತ್ತಿ ಹಿಡಿಯಬಾರದು. ಒತ್ತಿದರೆ ಗಂಧ ಕಪ್ಪಾಗಿ ಸುಡುತ್ತದೆ, ಯಂತ್ರವೂ ಬಿಸಿಯೇರುತ್ತದೆ. ಮೂಗಿಗೆ ಮುಸುಕು ಅವಶ್ಯ. ಪರಿಮಳವುಳ್ಳ ಧೂಳು ನಿರಪಾಯವೆಂದು ಹಿರಿಯರು ಭಾವಿಸಿದ್ದರು. ಆದರೆ ಮರದ ಧೂಳು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಪ್ರಕಟಿಸಿದೆ.

ಹೊಸನಗರ, ತೀರ್ಥಹಳ್ಳಿಗಳ ಅಡಿಕೆ ತೋಟಗಳಲ್ಲಿ ಬೆನ್ನಿಗೆ ಹೊತ್ತು ಹುಲ್ಲು ಸವರುವ ಯಂತ್ರಗಳಲ್ಲಿಯೂ ಇಂಥದೇ ಬಾಗುವ ಹುರಿ ಇರುತ್ತದೆ. ಅವಕ್ಕೂ ನವಮಿಯಂದು ಹೂವೇರುತ್ತದೆ. ಆದರೆ ವರ್ಷದಲ್ಲಿ ಒಂದು ದಿನ ಹೂವಿಟ್ಟು ಉಳಿದ ದಿನಗಳಲ್ಲಿ ಮರೆತುಬಿಡುವುದು ಪೂಜೆಯೆನಿಸಲಾರದು. ಒರಸುವುದು, ಎಣ್ಣೆಯಿಡುವುದು, ಸವೆದುದನ್ನು ಕಾಲಕ್ಕೆ ಗುರುತಿಸುವುದು, ಇವೇ ಆಯುಧಕ್ಕೆ ಸಲ್ಲುವ ನಿತ್ಯಪೂಜೆ.

ಈಗ ದೀಪ ಹಚ್ಚುವ ಹೊತ್ತಿಗೆ ಆ ಚಾವಡಿಯಲ್ಲಿ ಅಜ್ಜನು ಸಾಣೆಕಲ್ಲಿನ ಮೇಲೆ ಉಳಿ ಮಸೆಯುತ್ತಾನೆ. ಪಕ್ಕದಲ್ಲಿ ಮೊಮ್ಮಗನು ಹಿಡಿಯ ಧೂಳನ್ನು ಕುಂಚದಿಂದ ಕೊಡವುತ್ತಾನೆ. ಬಿಗಿಯುವ ಕೀಲಿ ಗೋಡೆಯ ಮೊಳೆಗೆ ಸೇರದೆ ಪ್ಲಗ್ಗು ಒಳಗೆ ಹೋಗುವುದಿಲ್ಲ. ಆದರೂ ಮೋಟಾರಿನ ಸದ್ದು ತಟಕ್ಕನೆ ನಿಂತರೆ ತಾಯಿ ಅಡಿಗೆಮನೆಯ ಬಾಗಿಲಿಂದ ಒಮ್ಮೆ ಇಣಿಕಿ ನೋಡುವಳು. ಮೊಮ್ಮಗನು ಕನ್ನಡಕವನ್ನು ತೆಗೆದು, "ಬಿಟ್ ಬದಲಿಸುತ್ತಿದ್ದೇನೆ ಅಮ್ಮಾ" ಎನ್ನುವನು.